ಜಪಾನ್ ಸೇನೆಯ ಮೇಲಿನ ಕಟ್ಟುಪಾಡು: ಎಷ್ಟು ಸಡಿಲವಾಗಿದೆ, ಎಷ್ಟು ಉಳಿದಿದೆ?

2025ರ ನವೆಂಬರ್ 7ರಂದು ಜಪಾನ್ ಸಂಸತ್ತಿನ ಬಜೆಟ್ ಸಮಿತಿಯಲ್ಲಿ ವಿರೋಧ ಪಕ್ಷದ ಸದಸ್ಯರೊಬ್ಬರು ಪ್ರಧಾನಿ ಸನೇ ತಕೈಚಿ ಅವರಿಗೆ ತೈವಾನ್ ಬಗ್ಗೆ ಪ್ರಶ್ನೆ ಹಾಕಿದರು. ಚೀನಾ ಅಲ್ಲಿ ಯುದ್ಧನೌಕೆಗಳನ್ನು ಇಳಿಸಿ ಬಲ ಪ್ರಯೋಗಿಸಿದರೆ ಅದು ಜಪಾನಿನ ಅಸ್ತಿತ್ವಕ್ಕೇ ಅಪಾಯ ತರುವ ಸನ್ನಿವೇಶ ಆಗಬಹುದು ಎಂಬ ಅರ್ಥದ ಉತ್ತರವನ್ನು ತಕೈಚಿ ಕೊಟ್ಟರು.

ಕೇಳಲು ಇದು ಸಾಧಾರಣ ಮಾತು. ಆದರೆ ಜಪಾನಿನ ಕಾನೂನಿನಲ್ಲಿ ಅಸ್ತಿತ್ವಕ್ಕೆ ಅಪಾಯದ ಸನ್ನಿವೇಶ ಎಂಬುದಕ್ಕೆ ಖಚಿತವಾದ ತೂಕವಿದೆ. ಸರ್ಕಾರ ಹಾಗೆಂದು ತೀರ್ಮಾನಿಸಿದರೆ, ಜಪಾನಿನ ನೆಲದ ಮೇಲೆ ಒಂದು ಗುಂಡೂ ಬೀಳದಿದ್ದರೂ ಅದರ ಸೇನೆ ಹೋರಾಟಕ್ಕೆ ಇಳಿಯಬಹುದು. ಹಿಂದಿನ ಪ್ರಧಾನಿಗಳು ಅಧಿಕಾರದಲ್ಲಿದ್ದಾಗ ತೈವಾನ್ ವಿಚಾರದಲ್ಲಿ ಇಷ್ಟು ಬಿಡಿಸಿ ಹೇಳಿರಲಿಲ್ಲ. ಚೀನಾ ಕೆರಳಿತು. ಜಪಾನಿಗೆ ಪ್ರವಾಸ ಹೋಗಬೇಡಿ ಎಂದು ತನ್ನ ಜನರಿಗೆ ಹೇಳಿತು. ಜಪಾನಿನ ಮೀನು, ಸಮುದ್ರ ಆಹಾರದ ಆಮದನ್ನು ಮತ್ತೆ ತಡೆಯಿತು.

ಇದಾದ ಮೇಲೆ ಹಳೆಯ ಪ್ರಶ್ನೆ ಮತ್ತೆ ಮೇಲೆ ಬಂದಿದೆ. ಎರಡನೇ ಮಹಾಯುದ್ಧದಲ್ಲಿ ಸೋತ ಮೇಲೆ ಜಪಾನಿನ ಸೇನೆಗೆ ಹಾಕಿದ ಮಿತಿಗಳನ್ನು ಈಗ ತೆಗೆದುಹಾಕಬೇಕಾ? ಹೌದು ಅಥವಾ ಇಲ್ಲ ಅನ್ನುವ ಮೊದಲು ಆ ಮಿತಿಗಳು ಯಾವುವು, ಯಾರು ಹಾಕಿದ್ದು, ಯಾವುದು ಇನ್ನೂ ಜಾರಿಯಲ್ಲಿದೆ ಎಂದು ತಿಳಿಯಬೇಕು. ಅದರಲ್ಲಿ ಬಹಳಷ್ಟು ಆಗಲೇ ಹೋಗಿವೆ. ಅವು ಹೋದ ರೀತಿಯೇ ಇಡೀ ವಿಷಯದ ತಿರುಳು ಎಂದು ನನಗನ್ನಿಸುತ್ತದೆ.

9ನೇ ವಿಧಿಯಲ್ಲಿ ಏನಿದೆ?

1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಯಿತು. ಆ ಯುದ್ಧದಲ್ಲಿ ಜಪಾನಿನದೇ ಸುಮಾರು 31 ಲಕ್ಷ ಜನ ಸತ್ತಿದ್ದರು. ಚೀನಾದಲ್ಲಿ, ಆಗ್ನೇಯ ಏಷ್ಯಾದಲ್ಲಿ ಜಪಾನ್ ಸೇನೆಯಿಂದಾದ ಸಾವುನೋವು ಅದಕ್ಕಿಂತ ಎಷ್ಟೋ ಜಾಸ್ತಿ. ಸೋತ ದೇಶವನ್ನು 1952ರ ಏಪ್ರಿಲ್‌ವರೆಗೆ ಮಿತ್ರಪಡೆಗಳು ಆಳಿದವು. ಅವುಗಳ ಮುಖ್ಯಸ್ಥ ಅಮೆರಿಕದ ಜನರಲ್ ಡಗ್ಲಸ್ ಮೆಕಾರ್ಥರ್.

ಹೊಸ ಸಂವಿಧಾನದ ಕರಡನ್ನು 1946ರ ಫೆಬ್ರವರಿಯಲ್ಲಿ ಮೆಕಾರ್ಥರ್ ಕಚೇರಿಯ ಅಧಿಕಾರಿಗಳು ಸುಮಾರು ಒಂದು ವಾರದಲ್ಲಿ ಬರೆದು ಮುಗಿಸಿದರು. ಜಪಾನಿನ ಸಂಸತ್ತು ಅದನ್ನು ತಿಂಗಳುಗಟ್ಟಲೆ ಚರ್ಚಿಸಿ, ಕೆಲವು ತಿದ್ದುಪಡಿ ಮಾಡಿ ಒಪ್ಪಿತು. 1947ರ ಮೇ 3ರಂದು ಅದು ಜಾರಿಗೆ ಬಂತು.

ಅದರ 9ನೇ ವಿಧಿಯಲ್ಲಿ ಎರಡು ಭಾಗಗಳಿವೆ. ದೇಶದೇಶಗಳ ನಡುವಿನ ಜಗಳ ಬಗೆಹರಿಸಲು ಯುದ್ಧವನ್ನು, ಬಲಪ್ರಯೋಗವನ್ನು, ಅದರ ಬೆದರಿಕೆಯನ್ನು ಜಪಾನ್ ಎಂದೆಂದಿಗೂ ಬಿಟ್ಟುಕೊಡುತ್ತದೆ ಅನ್ನುವುದು ಮೊದಲ ಭಾಗ. ಆ ಉದ್ದೇಶಕ್ಕಾಗಿ ಭೂಸೇನೆ, ನೌಕಾಸೇನೆ, ವಾಯುಸೇನೆ ಅಥವಾ ಇನ್ನಾವುದೇ ಯುದ್ಧ ಸಾಮರ್ಥ್ಯವನ್ನು ಇಟ್ಟುಕೊಳ್ಳುವುದಿಲ್ಲ ಅನ್ನುವುದು ಎರಡನೆಯದು.

ಈ 'ಆ ಉದ್ದೇಶಕ್ಕಾಗಿ' ಅನ್ನುವ ಮಾತು ಮೂಲ ಕರಡಿನಲ್ಲಿ ಇರಲಿಲ್ಲ. ಹಿತೋಶಿ ಅಶಿದಾ ಅಧ್ಯಕ್ಷರಾಗಿದ್ದ ಸಂಸದೀಯ ಸಮಿತಿ ಅದನ್ನು ಸೇರಿಸಿತು. ಜಗಳ ಬಗೆಹರಿಸಲು ಸೇನೆ ಬೇಡ ಸರಿ, ಆದರೆ ಆತ್ಮರಕ್ಷಣೆಗೆ ಇಟ್ಟುಕೊಳ್ಳಬಹುದು ಎಂದು ವಾದಿಸುವವರಿಗೆ ಮುಂದೆ ಇದೇ ಒಂದು ಕಿಂಡಿಯಾಯಿತು.

ಆಗಿನ ನಿಲುವುಗಳನ್ನು ಇಂದು ಓದಿದರೆ ಅಚ್ಚರಿಯಾಗುತ್ತದೆ. 1946ರಲ್ಲಿ ಸಂಸತ್ತಿನೊಳಗೆ ಆತ್ಮರಕ್ಷಣೆಯ ಯುದ್ಧ ನ್ಯಾಯವಾದದ್ದು ಎಂದು ವಾದಿಸಿದವರು ಕಮ್ಯುನಿಸ್ಟ್ ನಾಯಕ ಸಾನ್ಜೋ ನೊಸಾಕಾ. ಅಂಥ ಮಾತೇ ಅಪಾಯಕಾರಿ, ಇತ್ತೀಚಿನ ಎಷ್ಟೋ ಯುದ್ಧಗಳು ನಡೆದದ್ದು ಆತ್ಮರಕ್ಷಣೆಯ ಹೆಸರಲ್ಲೇ ಎಂದು ಉತ್ತರಿಸಿದವರು ಸಂಪ್ರದಾಯವಾದಿ ಪ್ರಧಾನಿ ಶಿಗೇರು ಯೋಶಿದಾ. ಇಂದು ಕಮ್ಯುನಿಸ್ಟರು 9ನೇ ವಿಧಿಯ ಗಟ್ಟಿ ರಕ್ಷಕರು. ಸಂಪ್ರದಾಯವಾದಿಗಳು ಅದನ್ನು ತಿದ್ದಲು ಹೊರಟವರು.

ಬರೆಸಿದವರೇ ಸೇನೆ ಕಟ್ಟಿಸಿದರು

ಅಮೆರಿಕದ ಮನಸ್ಸು ಬದಲಾಗಲು ನಾಲ್ಕು ವರ್ಷವೂ ಬೇಕಾಗಲಿಲ್ಲ. ಚೀನಾದಲ್ಲಿ ಕಮ್ಯುನಿಸ್ಟರು ಗೆದ್ದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಯಿತು. ಜಪಾನಿನಲ್ಲಿದ್ದ ಅಮೆರಿಕದ ಸೈನಿಕರು ಕೊರಿಯಾಕ್ಕೆ ಹೊರಟಾಗ ಜಪಾನ್ ಖಾಲಿಯಾಯಿತು. ಸೇನೆ ಇಟ್ಟುಕೊಳ್ಳಬಾರದು ಎಂದು ಬರೆಸಿದ ಅದೇ ಮೆಕಾರ್ಥರ್, ಜುಲೈನಲ್ಲಿ 75,000 ಜನರ ಮೀಸಲು ಪೊಲೀಸ್ ಪಡೆ ಕಟ್ಟುವಂತೆ ಯೋಶಿದಾಗೆ ಪತ್ರ ಬರೆದರು. ಆ ಪಡೆಯೇ ಬೆಳೆದು 1954ರ ಜುಲೈ 1ರಂದು ಆತ್ಮರಕ್ಷಣಾ ಪಡೆ ಆಯಿತು. ಇಂದಿಗೂ ಜಪಾನಿನ ಸೇನೆಗೆ ಇದೇ ಹೆಸರು. ಮಂಜೂರಾದ ಬಲ ಸುಮಾರು 2,47,000.

1951ರಲ್ಲಿ ಸಾನ್ ಫ್ರಾನ್ಸಿಸ್ಕೋ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ ದಿನವೇ ಅಮೆರಿಕದ ಜೊತೆ ರಕ್ಷಣಾ ಒಪ್ಪಂದಕ್ಕೂ ಸಹಿ ಬಿತ್ತು. 1960ರಲ್ಲಿ ಅದನ್ನು ಪರಿಷ್ಕರಿಸಿದಾಗ ಟೋಕಿಯೋದ ಬೀದಿಗಳು ಪ್ರತಿಭಟನೆಯಿಂದ ತುಂಬಿದವು. ಪ್ರಧಾನಿ ನೊಬುಸುಕೆ ಕಿಶಿ ರಾಜೀನಾಮೆ ಕೊಡಬೇಕಾಯಿತು. ಒಪ್ಪಂದ ಮಾತ್ರ ಉಳಿಯಿತು. ಜಪಾನ್ ಮೇಲೆ ದಾಳಿಯಾದರೆ ಅಮೆರಿಕ ನೆರವಿಗೆ ಬರಬೇಕು, ಅದಕ್ಕೆ ಪ್ರತಿಯಾಗಿ ಜಪಾನ್ ತನ್ನ ನೆಲದಲ್ಲಿ ನೆಲೆಗಳನ್ನು ಕೊಡಬೇಕು. ಅಮೆರಿಕದ ಮೇಲೆ ದಾಳಿಯಾದರೆ ಜಪಾನ್ ಯುದ್ಧಕ್ಕೆ ಹೋಗಬೇಕೆಂದು ಅದರಲ್ಲಿಲ್ಲ.

ಇದೆಲ್ಲ ಸಂವಿಧಾನಕ್ಕೆ ಸರಿಹೊಂದುತ್ತದಾ ಎಂಬ ಪ್ರಶ್ನೆ ಕೋರ್ಟಿಗೂ ಹೋಯಿತು. 1959ರ ಸುನಗಾವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದೇಶಕ್ಕೆ ಆತ್ಮರಕ್ಷಣೆಯ ಹಕ್ಕು ಇದ್ದೇ ಇದೆ ಎಂದಿತು. ಇಂಥ ದೊಡ್ಡ ರಾಜಕೀಯ ವಿಷಯಗಳಲ್ಲಿ ಸಂವಿಧಾನದ ಉಲ್ಲಂಘನೆ ಎದ್ದು ಕಾಣದ ಹೊರತು ಕೋರ್ಟು ತೀರ್ಪು ಕೊಡುವುದು ತಕ್ಕುದಲ್ಲ ಎಂದೂ ಹೇಳಿತು. 1973ರಲ್ಲಿ ಸಪ್ಪೊರೋ ಜಿಲ್ಲಾ ಕೋರ್ಟು ಆತ್ಮರಕ್ಷಣಾ ಪಡೆಯೇ ಸಂವಿಧಾನಬಾಹಿರ ಎಂದು ತೀರ್ಪು ಕೊಟ್ಟಿತ್ತು. ಮೇಲಿನ ಕೋರ್ಟಿನಲ್ಲಿ ಅದು ನಿಲ್ಲಲಿಲ್ಲ. ಹೀಗೆ 9ನೇ ವಿಧಿಯ ಅರ್ಥ ಹೇಳುವ ಕೆಲಸ ಹೆಚ್ಚುಕಮ್ಮಿ ಸರ್ಕಾರದ ಕೈಗೇ ಬಂತು.

ಎಲ್ಲ ಮಿತಿಗಳೂ ಸಂವಿಧಾನದಲ್ಲಿಲ್ಲ

ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ಜಪಾನಿನ ಸೇನೆಗಿರುವ ಮಿತಿಗಳೆಲ್ಲ ಅಮೆರಿಕ ಹಾಕಿದ್ದು, ಎಲ್ಲವೂ 9ನೇ ವಿಧಿಯೊಳಗೇ ಇವೆ ಅಂದುಕೊಳ್ಳುತ್ತೇವೆ, ಅಲ್ವಾ? ನಿಜವಾಗಿ ಮುಖ್ಯವಾದ ಹಲವು ಮಿತಿಗಳನ್ನು ಜಪಾನಿನ ಸರ್ಕಾರಗಳೇ ತಮ್ಮ ಮೇಲೆ ಹಾಕಿಕೊಂಡವು, ಅದೂ 1960–70ರ ದಶಕಗಳಲ್ಲಿ.

ಪ್ರಧಾನಿ ಐಸಾಕು ಸಾತೋ 1967ರಲ್ಲಿ ಮೂರು ಪರಮಾಣು ತತ್ವಗಳನ್ನು ಹೇಳಿದರು: ಅಣ್ವಸ್ತ್ರ ಇಟ್ಟುಕೊಳ್ಳುವುದಿಲ್ಲ, ತಯಾರಿಸುವುದಿಲ್ಲ, ದೇಶದೊಳಗೆ ತರಲು ಬಿಡುವುದಿಲ್ಲ. 1974ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಶಸ್ತ್ರಾಸ್ತ್ರ ರಫ್ತಿಗೂ 1967ರಲ್ಲೇ ಕಡಿವಾಣ ಬಿತ್ತು. 1976ರಲ್ಲಿ ತಾಕೆಯೋ ಮಿಕಿ ಸರ್ಕಾರ ಅದನ್ನು ಇನ್ನೂ ಬಿಗಿ ಮಾಡಿ ರಫ್ತು ಬಹುಪಾಲು ನಿಲ್ಲುವಂತೆ ಮಾಡಿತು. ಅದೇ ವರ್ಷ ಮಿಕಿ ಸಂಪುಟ, ರಕ್ಷಣಾ ವೆಚ್ಚ ರಾಷ್ಟ್ರೀಯ ಉತ್ಪನ್ನದ ಶೇ 1 ಮೀರಬಾರದು ಎಂದೂ ನಿರ್ಧರಿಸಿತು. 1987ರಲ್ಲಿ ಪ್ರಧಾನಿ ಯಾಸುಹಿರೊ ನಕಾಸೊನೆ ಈ ನಿಯಮ ತೆಗೆದರು. ಆದರೂ ಮುಂದಿನ ಮೂರು ದಶಕ ಖರ್ಚು ಅದರ ಆಸುಪಾಸಿನಲ್ಲೇ ಇತ್ತು.

ಇವುಗಳಲ್ಲಿ ಒಂದೂ ಸಂವಿಧಾನದಲ್ಲಿ ಬರೆದದ್ದಲ್ಲ. ಸಂಪುಟದ ತೀರ್ಮಾನ, ಸಂಸತ್ತಿನ ನಿರ್ಣಯ, ಪ್ರಧಾನಿಯ ಹೇಳಿಕೆ, ಅಷ್ಟೇ. ಹಾಗಾಗಿ ಬದಲಿಸುವುದೂ ಸುಲಭ.

ಇನ್ನು 9ನೇ ವಿಧಿಯ ಕೆಳಗೆ ಎಂಥ ಆಯುಧ ಇರಬಹುದು? ಆತ್ಮರಕ್ಷಣೆಗೆ ಬೇಕಾದ ಕನಿಷ್ಠ ಬಲ ನಿಷೇಧಿತ ಯುದ್ಧ ಸಾಮರ್ಥ್ಯ ಅಲ್ಲ ಎಂದು ಸರ್ಕಾರ ಹೇಳುತ್ತದೆ. ಖಂಡಾಂತರ ಕ್ಷಿಪಣಿ, ದೂರಗಾಮಿ ಬಾಂಬರ್ ವಿಮಾನ, ದಾಳಿಗೆಂದೇ ಇರುವ ವಿಮಾನವಾಹಕ ನೌಕೆ, ಈ ಮೂರನ್ನು ಇಟ್ಟುಕೊಳ್ಳುವಂತಿಲ್ಲ ಎಂಬುದು ಅದರ ನಿಲುವು. ಆದರೂ ಇಝುಮೋ, ಕಾಗಾ ಎಂಬ ಎರಡು ದೊಡ್ಡ ಹಡಗುಗಳನ್ನು ಎಫ್-35ಬಿ ಯುದ್ಧ ವಿಮಾನ ಇಳಿಯುವಂತೆ ಮಾರ್ಪಡಿಸುತ್ತಿದ್ದಾರೆ. ಅವು ರಕ್ಷಣೆಗಾಗಿ, ದಾಳಿಗಲ್ಲ ಎಂದು ಸರ್ಕಾರದ ವಾದ.

ಅಕ್ಷರ ಹಾಗೇ ಇದ್ದು ಅರ್ಥ ಬದಲಾದದ್ದು ಹೇಗೆ?

ಊರ ಕಡೆ ಅಣ್ಣತಮ್ಮಂದಿರು ಭಾಗಪತ್ರ ಮಾಡಿಕೊಳ್ಳುವಾಗ ಹಿತ್ತಲಲ್ಲಿ ಯಾರೂ ಗೋಡೆ ಎಬ್ಬಿಸಬಾರದು ಎಂದು ಬರೆಸಿರುತ್ತಾರೆ. ಮೊದಲು ದನ ನುಗ್ಗದಿರಲಿ ಅಂತ ಮುಳ್ಳುಬೇಲಿ ಬರುತ್ತದೆ. ಬೇಲಿ ಬೀಳದಿರಲಿ ಅಂತ ಕಲ್ಲುಕಂಬ. ಕಂಬದ ನಡುವೆ ಚಪ್ಪಡಿ. ಭಾಗಪತ್ರದ ಒಂದಕ್ಷರವೂ ಬದಲಾಗಿರುವುದಿಲ್ಲ. 9ನೇ ವಿಧಿಯ ಕತೆಯೂ ಹೀಗೇ ಸಾಗಿದೆ.

1991ರ ಕೊಲ್ಲಿ ಯುದ್ಧಕ್ಕೆ ಜಪಾನ್ 1,300 ಕೋಟಿ ಡಾಲರ್ ಕೊಟ್ಟಿತು, ಸೈನಿಕರನ್ನು ಕಳಿಸಲಿಲ್ಲ. ಯುದ್ಧ ಮುಗಿದ ಮೇಲೆ ಕುವೈತ್ ಅಮೆರಿಕದ ಪತ್ರಿಕೆಗಳಲ್ಲಿ ಕೃತಜ್ಞತೆಯ ಜಾಹೀರಾತು ಹಾಕಿತು. ಅದರಲ್ಲಿ ಜಪಾನ್ ಹೆಸರೇ ಇರಲಿಲ್ಲ. ಈ ಅವಮಾನ ಟೋಕಿಯೋದ ಅಧಿಕಾರಿಗಳ ಮನಸ್ಸಿನಲ್ಲಿ ಆಳವಾಗಿ ಕೂತಿತು. 1992ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಪಡೆ ಕಳಿಸುವ ಕಾನೂನು ಬಂತು, ಸೈನಿಕರು ಕಾಂಬೋಡಿಯಾಕ್ಕೆ ಹೋದರು. 2004ರಿಂದ 2006ರವರೆಗೆ ಸುಮಾರು 600 ಸೈನಿಕರು ಇರಾಕಿನ ಸಮಾವಾದಲ್ಲಿ ನೀರು, ರಸ್ತೆ, ಶಾಲೆಯ ಕೆಲಸ ಮಾಡಿದರು. ಬಲಪ್ರಯೋಗಕ್ಕೆ ಅನುಮತಿ ಇಲ್ಲದಷ್ಟು ಬಿಗಿ ನಿಯಮ ಇದ್ದುದರಿಂದ ಆ ಪ್ರದೇಶದ ಭದ್ರತೆಯನ್ನು ಮೊದಲು ನೆದರ್ಲೆಂಡ್ಸ್, ಆಮೇಲೆ ಆಸ್ಟ್ರೇಲಿಯಾದ ಸೈನಿಕರು ನೋಡಿಕೊಳ್ಳಬೇಕಾಯಿತು.

ದೊಡ್ಡ ತಿರುವು 2014ರ ಜುಲೈ 1ರಂದು ಬಂತು. ಅದನ್ನು ತಿಳಿಯಲು ಒಂದು ಪರಿಕಲ್ಪನೆ ಗೊತ್ತಿರಬೇಕು: ಸಾಮೂಹಿಕ ಆತ್ಮರಕ್ಷಣೆ. ನನ್ನ ಮೇಲೆ ದಾಳಿಯಾದಾಗ ನಾನು ಹೋರಾಡುವುದು ಸ್ವಂತ ಆತ್ಮರಕ್ಷಣೆ. ನನ್ನ ಜೊತೆಗಾರನ ಮೇಲೆ ದಾಳಿಯಾದಾಗ ನಾನೂ ಇಳಿಯುವುದು ಸಾಮೂಹಿಕ ಆತ್ಮರಕ್ಷಣೆ. ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿ ಎರಡನ್ನೂ ಒಪ್ಪುತ್ತದೆ. ಆದರೆ ಎರಡನೆಯದನ್ನು ಬಳಸಲು ನಮ್ಮ ಸಂವಿಧಾನ ಬಿಡುವುದಿಲ್ಲ ಎಂದು ಜಪಾನ್ ಸರ್ಕಾರ 1972ರಿಂದ ಹೇಳುತ್ತಲೇ ಬಂದಿತ್ತು. ಈ ಅರ್ಥವನ್ನು ಕಾಯುತ್ತಿದ್ದದ್ದು ಸಂಪುಟದ ಕಾನೂನು ವಿಭಾಗ. 2013ರಲ್ಲಿ ಪ್ರಧಾನಿ ಶಿಂಜೋ ಅಬೆ ಆ ವಿಭಾಗಕ್ಕೆ ಹೊರಗಿನ ರಾಜತಾಂತ್ರಿಕರೊಬ್ಬರನ್ನು ಮುಖ್ಯಸ್ಥರಾಗಿ ತಂದರು. ಮರುವರ್ಷ ಸಂಪುಟ ಹೊಸ ವ್ಯಾಖ್ಯಾನ ಹೊರಡಿಸಿತು.

ಅದರ ಪ್ರಕಾರ ಮೂರು ಷರತ್ತು ಪೂರೈಸಿದರೆ ಜಪಾನ್ ಬಲ ಬಳಸಬಹುದು. ಜಪಾನ್ ಮೇಲೆ, ಅಥವಾ ಅದಕ್ಕೆ ಹತ್ತಿರದ ದೇಶದ ಮೇಲೆ ದಾಳಿಯಾಗಿ ಜಪಾನಿನ ಅಸ್ತಿತ್ವಕ್ಕೇ ಅಪಾಯ ಬಂದಿರಬೇಕು. ಬೇರೆ ದಾರಿ ಇರಬಾರದು. ಬಳಸುವ ಬಲ ಕನಿಷ್ಠ ಇರಬೇಕು. ತಕೈಚಿ 2025ರಲ್ಲಿ ಆಡಿದ ಮಾತು ಈ ಮೊದಲ ಷರತ್ತಿನ ಬಗ್ಗೆ.

ಇದನ್ನು ಕಾನೂನು ಮಾಡಲು 2015ರಲ್ಲಿ ಮಸೂದೆ ಬಂದಾಗ ಸಂಸತ್ತಿನ ಸಮಿತಿಯೊಂದು ಮೂವರು ಸಂವಿಧಾನ ತಜ್ಞರನ್ನು ಕರೆಸಿತು. ಮೂವರೂ ಇದು ಸಂವಿಧಾನಕ್ಕೆ ವಿರುದ್ಧ ಅಂದರು. ಅವರಲ್ಲಿ ಒಬ್ಬರು ಆಡಳಿತ ಪಕ್ಷವೇ ಸೂಚಿಸಿದವರು. ಸಂಸತ್ತಿನ ಮುಂದೆ ದೊಡ್ಡ ಪ್ರತಿಭಟನೆಗಳು ನಡೆದವು. ಆದರೂ ಸೆಪ್ಟೆಂಬರ್ 19ರ ನಸುಕಿನಲ್ಲಿ ಮಸೂದೆ ಪಾಸಾಯಿತು.

ದುಡ್ಡು, ಕ್ಷಿಪಣಿ, ಮಾರಾಟ

ಉಳಿದದ್ದು ಬೇಗ ಬೇಗ ಆಯಿತು. 2022ರ ಡಿಸೆಂಬರ್‌ನಲ್ಲಿ ಫುಮಿಯೊ ಕಿಶಿದಾ ಸರ್ಕಾರ 2023ರಿಂದ ಐದು ವರ್ಷಕ್ಕೆ 43 ಲಕ್ಷ ಕೋಟಿ ಯೆನ್ ರಕ್ಷಣಾ ವೆಚ್ಚ ಘೋಷಿಸಿತು. ಅದರ ಹಿಂದಿನ ಐದು ವರ್ಷದ ಯೋಜನೆ ಸುಮಾರು 27 ಲಕ್ಷ ಕೋಟಿಯದು. 2027ರ ಹೊತ್ತಿಗೆ ರಕ್ಷಣಾ ವೆಚ್ಚ ರಾಷ್ಟ್ರೀಯ ಉತ್ಪನ್ನದ ಶೇ 2 ಮುಟ್ಟುವ ಗುರಿ ಇತ್ತು. ತಕೈಚಿ ಸರ್ಕಾರ ಅದನ್ನು ಎರಡು ವರ್ಷ ಹಿಂದಕ್ಕೆ ಎಳೆದು 2025–26ರಲ್ಲೇ ಮುಟ್ಟಲು ಹೊರಟಿತು. ದಾಳಿಕೋರ ದೇಶದ ಕ್ಷಿಪಣಿ ನೆಲೆಗಳಿಗೇ ಹೊಡೆಯುವ ಸಾಮರ್ಥ್ಯ ಬೇಕು ಎಂದು 2022ರಲ್ಲೇ ತೀರ್ಮಾನವಾಯಿತು. ಅದಕ್ಕಾಗಿ ಸುಮಾರು 1,600 ಕಿಲೋಮೀಟರ್ ಹಾರುವ ಅಮೆರಿಕದ ಟೊಮಾಹಾಕ್ ಕ್ಷಿಪಣಿಗಳನ್ನು 400ರವರೆಗೆ ಕೊಳ್ಳುತ್ತಿದ್ದಾರೆ.

ರಫ್ತಿನ ನಿಯಮವನ್ನು 2014ರಲ್ಲಿ ಸಡಿಲಿಸಿದರು, 2023–24ರಲ್ಲಿ ಇನ್ನಷ್ಟು. ಬ್ರಿಟನ್, ಇಟಲಿ ಜೊತೆ ಸೇರಿ ಜಪಾನ್ ಹೊಸ ಯುದ್ಧ ವಿಮಾನ ತಯಾರಿಸುತ್ತಿದೆ. 2025ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾ ತನ್ನ ಹೊಸ ಯುದ್ಧನೌಕೆಗೆ ಜಪಾನಿನ ಮೊಗಾಮಿ ವಿನ್ಯಾಸವನ್ನು ಆರಿಸಿತು.

ಮಿತಿ ತೆಗೆಯಬೇಕು ಅನ್ನುವವರ ವಾದ

ಅವರು ಮೊದಲು ತೋರಿಸುವುದು ನಕಾಶೆಯನ್ನು. ಜಪಾನಿನ ಯೊನಗುನಿ ದ್ವೀಪದಿಂದ ತೈವಾನಿಗೆ ಬರೀ 110 ಕಿಲೋಮೀಟರ್. 2022ರ ಆಗಸ್ಟ್‌ನಲ್ಲಿ ತೈವಾನ್ ಸುತ್ತ ಚೀನಾ ಕವಾಯತು ನಡೆಸಿದಾಗ ಐದು ಕ್ಷಿಪಣಿಗಳು ಜಪಾನಿನ ಆರ್ಥಿಕ ವಲಯದ ಸಮುದ್ರದಲ್ಲಿ ಬಿದ್ದವು. ಉತ್ತರ ಕೊರಿಯಾದ ಕ್ಷಿಪಣಿಗಳು 1998ರಿಂದ ಹಲವು ಸಲ ಜಪಾನಿನ ಮೇಲೆಯೇ ಹಾರಿ ಹೋಗಿವೆ. ಜಪಾನಿನ ಹಿಡಿತದಲ್ಲಿರುವ, ಚೀನಾ ತನ್ನದೆನ್ನುವ ಸೆಂಕಾಕು ದ್ವೀಪಗಳ ಸುತ್ತ ಚೀನಾದ ಕರಾವಳಿ ಕಾವಲು ಹಡಗುಗಳು ಸುತ್ತುತ್ತಲೇ ಇರುತ್ತವೆ. ರಷ್ಯಾ ಉಕ್ರೇನಿನ ಮೇಲೆ ನುಗ್ಗಿದ್ದನ್ನು ನೋಡಿದ ಮೇಲೆ, ದೊಡ್ಡ ನೆರೆಯವರು ನುಗ್ಗುವುದೇ ಇಲ್ಲ ಎಂದು ನಂಬಿ ಕೂರುವುದು ಕಷ್ಟ.

ಎರಡನೇ ಚಿಂತೆ ಅಮೆರಿಕದ್ದು. ಜಪಾನಿನಲ್ಲಿ ಅಮೆರಿಕದ 50 ಸಾವಿರಕ್ಕೂ ಹೆಚ್ಚು ಸೈನಿಕರಿದ್ದಾರೆ. ಆದರೆ ನಾವು ಅವರನ್ನು ಕಾಯಬೇಕು, ಅವರು ನಮ್ಮನ್ನು ಕಾಯಬೇಕಾಗಿಲ್ಲ, ಇದೆಂಥ ಒಪ್ಪಂದ ಎಂದು ಡೊನಾಲ್ಡ್ ಟ್ರಂಪ್ ಬಹಿರಂಗವಾಗಿಯೇ ಗೊಣಗಿದ್ದಾರೆ. ಜೊತೆಗಾರನ ಮೇಲೆ ಪೂರ್ತಿ ಭರವಸೆ ಇಡಲಾಗದಿದ್ದರೆ ನಮ್ಮ ಕಾಲ ಮೇಲೆ ನಾವು ನಿಲ್ಲಬೇಕು ಎಂದು ಇವರ ವಾದ.

ಪ್ರಾಮಾಣಿಕತೆಯ ವಾದವೂ ಒಂದಿದೆ. 2011ರ ಭೂಕಂಪ, ಸುನಾಮಿಯಲ್ಲಿ ಸುಮಾರು ಒಂದು ಲಕ್ಷ ಸೈನಿಕರು ಜನರ ನೆರವಿಗೆ ಇಳಿದರು. ಇಷ್ಟು ದುಡಿಯುವ ಪಡೆ ಸಂವಿಧಾನದ ಪ್ರಕಾರ ಇರಬಹುದಾ ಎಂಬ ಅನುಮಾನ 70 ವರ್ಷವಾದರೂ ತೀರಿಲ್ಲ. ಅದಕ್ಕೇ 2017ರಲ್ಲಿ ಅಬೆ, 9ನೇ ವಿಧಿಯ ಎರಡೂ ಭಾಗಗಳನ್ನು ಹಾಗೇ ಇಟ್ಟು, ಆತ್ಮರಕ್ಷಣಾ ಪಡೆಯ ಹೆಸರನ್ನು ಸೇರಿಸೋಣ ಎಂದು ಸೂಚಿಸಿದರು.

ಬೇಡ ಅನ್ನುವವರ ವಾದ

ಇವರು ನೆನಪಿನಿಂದ ಶುರುಮಾಡುತ್ತಾರೆ. 1930ರ ದಶಕದಲ್ಲಿ ಸೇನೆ ಸರ್ಕಾರದ ಮಾತು ಮೀರಿ ಚೀನಾದೊಳಗೆ ನುಗ್ಗಿತು, ಕೊನೆಗೆ ಸರ್ಕಾರವನ್ನೇ ನುಂಗಿತು. ಮಿತಿಗಳು ಇರುವುದು ಅದು ಮರುಕಳಿಸದಿರಲಿ ಅಂತ. 1937ರಲ್ಲಿ ಚೀನಾದ ನಾನ್ಜಿಂಗ್‌ನಲ್ಲಿ ಜಪಾನ್ ಸೇನೆ ನಡೆಸಿದ ಹತ್ಯಾಕಾಂಡ, 35 ವರ್ಷ ವಸಾಹತಾಗಿದ್ದ ಕೊರಿಯಾದ ನೋವು ಆ ದೇಶಗಳಲ್ಲಿ ಇನ್ನೂ ಮಾಸಿಲ್ಲ. ಜಪಾನ್ ಒಂದು ಹೆಜ್ಜೆ ಇಟ್ಟರೆ ನೆರೆಯವರು ಎರಡು ಹೆಜ್ಜೆ ಇಡುತ್ತಾರೆ, ಶಸ್ತ್ರ ಪೈಪೋಟಿಯಲ್ಲಿ ಯಾರಿಗೂ ಸುರಕ್ಷೆ ಹೆಚ್ಚುವುದಿಲ್ಲ ಎಂದು ಇವರು ಹೇಳುತ್ತಾರೆ.

ಜಪಾನಿನ ದಕ್ಷಿಣ ತುದಿಯ ದ್ವೀಪ ಪ್ರಾಂತ್ಯವಾದ ಓಕಿನಾವಾದವರ ಆತಂಕ ಎಲ್ಲರಿಗಿಂತ ತೀವ್ರ. ನನಗೆ ಅತಿ ಮುಖ್ಯ ಅನ್ನಿಸುವುದೂ ಅವರ ದನಿಯೇ. 1945ರ ಓಕಿನಾವಾ ಕದನದಲ್ಲಿ ಅಲ್ಲಿನ ನಾಲ್ಕರಲ್ಲಿ ಒಬ್ಬರು ಸತ್ತರು ಎಂದು ಅಂದಾಜು. ಜಪಾನಿನ ನೆಲದ ಶೇ 0.6ರಷ್ಟು ಮಾತ್ರ ಇರುವ ಈ ಪ್ರಾಂತ್ಯದಲ್ಲಿ, ಅಮೆರಿಕ ಮಾತ್ರ ಬಳಸುವ ಸೇನಾ ನೆಲೆಗಳ ಜಾಗದ ಶೇ 70ರಷ್ಟಿದೆ. ಈಗ ಯೊನಗುನಿ, ಮಿಯಾಕೊ, ಇಶಿಗಾಕಿ ದ್ವೀಪಗಳಲ್ಲಿ ಜಪಾನಿನ ಸೇನಾ ಶಿಬಿರಗಳೂ ಬಂದಿವೆ. ಯುದ್ಧದ ಭೀತಿ ಬಂದರೆ ಈ ದ್ವೀಪಗಳ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತೆರವು ಮಾಡುವ ಯೋಜನೆಯನ್ನು ಸರ್ಕಾರ 2025ರಲ್ಲಿ ಹೊರಡಿಸಿತು. ಟೋಕಿಯೋದಲ್ಲಿ ಕೂತವರಿಗೆ ಇದು ರಕ್ಷಣಾ ನೀತಿ. ಈ ದ್ವೀಪದವರಿಗೆ ಮನೆ ಬಿಟ್ಟು ಹೋಗುವ ದಿನದ ಲೆಕ್ಕ.

ದುಡ್ಡಿನ ಪ್ರಶ್ನೆಯನ್ನೂ ಇವರು ಎತ್ತುತ್ತಾರೆ. ಜಪಾನಿನ ಸಾರ್ವಜನಿಕ ಸಾಲ ಅದರ ವಾರ್ಷಿಕ ಉತ್ಪನ್ನದ ಎರಡು ಪಟ್ಟಿಗಿಂತ ಜಾಸ್ತಿ. ಜನಸಂಖ್ಯೆ ಕುಗ್ಗುತ್ತಿದೆ. 2023–24ರಲ್ಲಿ ಸೇನೆಗೆ ಬೇಕಾದ ಹೊಸಬರಲ್ಲಿ ಸಿಕ್ಕಿದ್ದು ಅರ್ಧದಷ್ಟೇ. ಕಡ್ಡಾಯ ಸೇನಾ ಸೇವೆಗೆ ಸಂವಿಧಾನ ಅವಕಾಶ ಕೊಡುವುದಿಲ್ಲ ಎಂಬುದು ಸರ್ಕಾರದ್ದೇ ನಿಲುವು.

ಭಾರತಕ್ಕೆ ಇದರಲ್ಲೇನು?

1942ರಿಂದ 1945ರವರೆಗೆ ಅಂಡಮಾನ್ ದ್ವೀಪಗಳು ಜಪಾನ್ ಸೇನೆಯ ವಶದಲ್ಲಿದ್ದವು. ಆದರೂ ಭಾರತ ಸಾನ್ ಫ್ರಾನ್ಸಿಸ್ಕೋ ಸಮ್ಮೇಳನದಿಂದ ದೂರ ಉಳಿದು, 1952ರ ಜೂನ್‌ನಲ್ಲಿ ಜಪಾನ್ ಜೊತೆ ಪ್ರತ್ಯೇಕ ಶಾಂತಿ ಒಪ್ಪಂದ ಮಾಡಿಕೊಂಡು ಯುದ್ಧ ಪರಿಹಾರ ಬೇಡವೆಂದಿತು. ಈಗ ಎರಡೂ ದೇಶಗಳ ನೌಕಾಪಡೆಗಳು ಮಲಬಾರ್ ಕವಾಯತಿನಲ್ಲಿ ಜೊತೆಯಾಗಿರುತ್ತವೆ. ಒಬ್ಬರ ಸೇನೆಗೆ ಇನ್ನೊಬ್ಬರು ಇಂಧನ, ಸಾಮಗ್ರಿ ಒದಗಿಸುವ ಒಪ್ಪಂದಕ್ಕೆ 2020ರಲ್ಲಿ ಸಹಿ ಬಿದ್ದಿದೆ. ರಫ್ತು ನಿಯಮ ಸಡಿಲವಾದ ಮೇಲೆ, ಯುದ್ಧನೌಕೆಗಳ ಮೇಲೆ ಕೂರಿಸುವ ಯುನಿಕಾರ್ನ್ ಎಂಬ ಆಂಟೆನಾ ಕಂಬವನ್ನು ಭಾರತದ ಜೊತೆ ಸೇರಿ ತಯಾರಿಸಲು 2024ರ ನವೆಂಬರ್‌ನಲ್ಲಿ ಒಪ್ಪಂದವಾಯಿತು.

ವಿಧಿಯನ್ನೇ ತಿದ್ದಬೇಕಾದರೆ?

ಇಲ್ಲಿವರೆಗೆ ನೋಡಿದ ಬದಲಾವಣೆಗಳಲ್ಲಿ ಒಂದನ್ನೂ ಜನರ ಮತಕ್ಕೆ ಹಾಕಿಲ್ಲ. ಸಂಪುಟ ತೀರ್ಮಾನಿಸಿತು, ಸಂಸತ್ತು ಬಹುಮತದಿಂದ ಒಪ್ಪಿತು. ಆದರೆ 9ನೇ ವಿಧಿಯ ಅಕ್ಷರ ಬದಲಿಸಲು ಸಂವಿಧಾನದ 96ನೇ ವಿಧಿ ಬೇರೆ ದಾರಿ ಹೇಳುತ್ತದೆ. ಎರಡೂ ಸದನಗಳ ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು. ಅಂದರೆ 465 ಸ್ಥಾನದ ಕೆಳಮನೆಯಲ್ಲಿ 310, 248 ಸ್ಥಾನದ ಮೇಲ್ಮನೆಯಲ್ಲಿ 166. ಆಮೇಲೆ ಇಡೀ ದೇಶದ ಜನಮತ ಸಂಗ್ರಹ. 1947ರಿಂದ ಇಂದಿನವರೆಗೆ ಈ ಸಂವಿಧಾನದ ಒಂದು ಪದವೂ ತಿದ್ದುಪಡಿಯಾಗಿಲ್ಲ. 1955ರಲ್ಲಿ ಹುಟ್ಟಿದಾಗಿನಿಂದ ತಿದ್ದುಪಡಿಯ ಮಾತಾಡುತ್ತಿರುವ ಲಿಬರಲ್ ಡೆಮಾಕ್ರಟಿಕ್ ಪಕ್ಷ ಅಷ್ಟೊಂದು ವರ್ಷ ಆಳಿದರೂ ಆ ಹೆಜ್ಜೆ ಇಡಲಾಗಿಲ್ಲ.

ಜನಮತ ಸಂಗ್ರಹದ ಕಾನೂನು ಬಂದದ್ದೇ 2007ರಲ್ಲಿ. 18 ತುಂಬಿದವರು ಮತ ಹಾಕಬಹುದು. ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೆ ತಿದ್ದುಪಡಿ ಗೆದ್ದಂತೆ. ಕನಿಷ್ಠ ಇಷ್ಟು ಜನ ಮತ ಹಾಕಲೇಬೇಕು ಎಂಬ ನಿಯಮ ಅದರಲ್ಲಿಲ್ಲ.

ಜನ ಬೇಡ ಅಂದರೆ ಏನಾಗುತ್ತದೆ? 2018ರಲ್ಲಿ ಸಂಸತ್ತಿನಲ್ಲಿ ಈ ಪ್ರಶ್ನೆ ಬಂದಾಗ, ಸೋತರೂ ಆತ್ಮರಕ್ಷಣಾ ಪಡೆಯ ಸಾಂವಿಧಾನಿಕ ಸ್ಥಾನ ಬದಲಾಗುವುದಿಲ್ಲ ಎಂದು ಅಬೆ ಹೇಳಿದರು. ಸೋತರೂ ಗೆದ್ದರೂ ಒಂದೇ ಆದರೆ ಜನರನ್ನು ಕೇಳುವುದೇಕೆ ಎಂದು ಟೀಕಾಕಾರರು ಕೇಳುತ್ತಾರೆ. ಸೇನೆಯಲ್ಲಿ ದುಡಿಯುವವರಿಗೆ ಸಂವಿಧಾನದಲ್ಲೇ ಜಾಗ ಸಿಗಲಿ ಅಂತ, ಎಂದು ಬೆಂಬಲಿಗರು ಉತ್ತರಿಸುತ್ತಾರೆ. ಈ ನಡುವೆ ತೈವಾನ್ ಬಳಿ ಗುಂಡು ಹಾರಿದರೆ ಏನು ಮಾಡಬೇಕೆಂಬ ತೀರ್ಮಾನ ಜನಮತಕ್ಕೆ ಹೋಗುವುದಿಲ್ಲ. 2015ರ ಕಾನೂನಿನ ಪ್ರಕಾರ ಸಂಪುಟ ಅದನ್ನು ನಿರ್ಧರಿಸುತ್ತದೆ. ಸಂಸತ್ತಿನ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು, ತುರ್ತು ಇದ್ದರೆ ಆಮೇಲೂ ಪಡೆಯಬಹುದು.